ಅಳ್ಳಿನ ಉಂಡಿ, ಚುರುಮುರಿ ಉಂಡಿ: ಪಂಚಮಿ ಹತ್ತಿರ ಬಂದಾಗ ಎಲ್ಲರೂ ಕೇಳುವ ಪ್ರಶ್ನೆಗಳು

ನಾಗರ ಅಮಾವಾಸ್ಯೆ ಕಳೆಯಿತು ಅಂದರೆ ಪಂಚಮಿಗೆ ಐದೇ ದಿನ. ಆ ಐದು ದಿನ ನನ್ನ ಫೋನಿಗೆ ಬಿಡುವಿರುವುದಿಲ್ಲ. ಧಾರವಾಡದ ಕಡೆಯವಳು, ಬೆಂಗಳೂರಿಗೆ ಬಂದು ಇಪ್ಪತ್ತು ವರ್ಷವಾಯಿತು, ಇನ್ನೂ ಮನೆಯಲ್ಲೇ ಉಂಡಿ ಕಟ್ಟುತ್ತಾಳೆ ಅನ್ನುವುದು ಹೇಗೋ ಎಲ್ಲರಿಗೂ ಗೊತ್ತಾಗಿಬಿಟ್ಟಿದೆ. ಫೋನಿನಲ್ಲಿ, ಮದುವೆ ಮನೆಯಲ್ಲಿ, ಲಿಫ್ಟಿನಲ್ಲಿ ಕೇಳಿದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಬರೆದಿದ್ದೇನೆ. ಮುಕ್ಕಾಲು ಪಾಲು ಜನ ದೂರುವುದು ಪಾಕವನ್ನು. ನನ್ನ ಅನುಭವ ಬೇರೆ: ಉಂಡಿ ಕೆಡುವುದು ಪಾಕ ಒಲೆಗೇರುವ ಮೊದಲೇ, ಕಾಳು ಸರಿಯಾಗಿ ಒಣಗದೆ.

## ಶುರು ಮಾಡುವವರಿಗೆ

ಅಳ್ಳು, ಅರಳು, ಚುರುಮುರಿ, ಮಂಡಕ್ಕಿ, ಪುರಿ... ಎಲ್ಲಾ ಒಂದೇನಾ? ತಲೆ ಕೆಟ್ಟುಹೋಯ್ತು.

ಅರ್ಧ ಒಂದೇ, ಅರ್ಧ ಬೇರೆ. ಚುರುಮುರಿ, ಚುನಮುರಿ, ಮಂಡಕ್ಕಿ, ಪುರಿ ಇವೆಲ್ಲ ಒಂದೇ ವಸ್ತುವಿನ ಊರೂರಿನ ಹೆಸರು. ಭತ್ತವನ್ನು ಕುದಿಸಿ, ಒಣಗಿಸಿ, ಹೊಟ್ಟು ತೆಗೆದು, ಆ ಅಕ್ಕಿಗೆ ಉಪ್ಪುನೀರು ಹಿಡಿಸಿ ಕಾದ ಮರಳಿನಲ್ಲಿ ಹುರಿದರೆ ಅದು ಉಬ್ಬುತ್ತದೆ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ನಡೆಯುವುದು ಈ ಕೆಲಸವೇ. ಮೈಸೂರು, ಬೆಂಗಳೂರಿನವರು ಅದನ್ನೇ ಪುರಿ ಅಂತಾರೆ, ಹುರಿಗಡಲೆ ಸೇರಿದರೆ ಕಡ್ಲೆಪುರಿ.

ಅರಳು ಅಂದರೆ ಇಡೀ ಕಾಳು ತಾನಾಗಿ ಸಿಡಿದು ಹೂವಿನಂತೆ ಬಿಚ್ಚಿಕೊಂಡದ್ದು. ನಮ್ಮ ಕಡೆಯ ಬಾಯಲ್ಲಿ ಅದು ಅಳ್ಳು. ಭತ್ತದ್ದೂ ಇದೆ, ಜೋಳದ್ದೂ ಇದೆ. ಸಿನೆಮಾ ಮಂದಿರದ ಪಾಪ್‌ಕಾರ್ನ್ ಮೆಕ್ಕೆಜೋಳದ ಅಳ್ಳು, ಅಷ್ಟೇ. ಉಂಡಿ ಎಲ್ಲದರಿಂದಲೂ ಕಟ್ಟಬಹುದು. ಮೊದಲ ಸಲ ಮಾಡುವವರಿಗೆ ನಾನು ಚುರುಮುರಿಯನ್ನೇ ಹೇಳುತ್ತೇನೆ. ಅದು ಗಾತ್ರದಲ್ಲಿ ಸಮ, ಅರಳದ ಕಾಳಿನ ರಗಳೆ ಇಲ್ಲ, ಕೆಟ್ಟರೂ ಹೆಚ್ಚು ದುಡ್ಡು ಹೋಗುವುದಿಲ್ಲ.

ಪಂಚಮಿಗೇ ಯಾಕ್ರೀ ಇಷ್ಟು ಉಂಡಿ? ಬ್ಯಾರೆ ಹಬ್ಬಕ್ಕ ಹೋಳಿಗಿ ಸಾಕಾಗತೈತಿ, ಇದಕ್ಕ ಮಾತ್ರ ಡಬ್ಬಿಗಟ್ಟಲೆ.

ಎರಡು ಕಾರಣ ನನಗೆ ಕಾಣುತ್ತವೆ. ಒಂದು, ಉತ್ತರ ಕರ್ನಾಟಕದ ಬಹಳಷ್ಟು ಮನೆಗಳಲ್ಲಿ ಪಂಚಮಿಯ ದಿನ ಒಲೆ ಮೇಲೆ ಹಂಚು ಇಡುವುದಿಲ್ಲ. ಹುರಿಯುವುದು, ಕರಿಯುವುದು ಇಲ್ಲ. ಹಾಗಾಗಿ ರೊಟ್ಟಿ ಮೊದಲೇ ಬಡಿದಿಟ್ಟಿರಬೇಕು, ತಿಂಡಿಯೂ ವಾರ ಇರುವಂಥದ್ದೇ ಆಗಬೇಕು. ಉಂಡಿಗಿಂತ ಗಟ್ಟಿಮುಟ್ಟಾದ ತಿಂಡಿ ಯಾವುದಿದೆ?

ಇನ್ನೊಂದು, ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ ಇದು. ಅಣ್ಣನೋ ತಮ್ಮನೋ ಹೋಗಿ ಕರೆದುಕೊಂಡು ಬರಬೇಕು. ವಾಪಸು ಕಳಿಸುವಾಗ ಬುಟ್ಟಿ ಖಾಲಿ ಕಳಿಸುವಂತಿಲ್ಲ. ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ, ಬೇಸನ್ ಉಂಡಿ, ಪುಟಾಣಿ ಉಂಡಿ, ಇವುಗಳ ನಡುವೆ ಚುರುಮುರಿ ಉಂಡಿ. ಎಲ್ಲದರಲ್ಲೂ ಅಗ್ಗದ್ದು ಅದೇ, ಡಬ್ಬಿ ಬೇಗ ತುಂಬಿಸುವುದೂ ಅದೇ. ಜೋಕಾಲಿ ಆಡಿ ಬಂದ ಮಕ್ಕಳ ಕೈಗೆ ಮೊದಲು ಬರುತ್ತಿದ್ದದ್ದೂ ಅದೇ. ತುಪ್ಪದ ಬೇಸನ್ ಉಂಡಿ ಬೀಗರಿಗೆ ಮೀಸಲು.

ಅಕ್ಕಾ, ಅಳತೆ ಒಂದು ಹೇಳ್ಬಿಡಿ ಸಾಕು. ಮಿಕ್ಕಿದ್ದು ನಾನು ನೋಡ್ಕೋತೀನಿ.

ಮಿಕ್ಕಿದ್ದೇ ಕಷ್ಟ ತಂಗಿ, ಆದರೂ ಹೇಳುತ್ತೇನೆ. ಯಾವುದಾದರೂ ಒಂದೇ ಬಟ್ಟಲಿನಿಂದ ಐದು ಅಳತೆ ಚುರುಮುರಿ, ಒಂದು ಅಳತೆ ಪುಡಿ ಮಾಡಿದ ಬೆಲ್ಲ, ಕಾಲು ಅಳತೆ ನೀರು, ಒಂದು ಚಮಚ ತುಪ್ಪ, ಎರಡು ಯಾಲಕ್ಕಿ. 200 ಮಿಲಿ ಬಟ್ಟಲಾದರೆ ನಿಂಬೆಹಣ್ಣಿಗಿಂತ ಕೊಂಚ ದೊಡ್ಡ ಉಂಡಿ 12ರಿಂದ 15 ಆಗುತ್ತವೆ. ಬೇಕಿದ್ದರೆ ಒಂದು ಹಿಡಿ ಪುಟಾಣಿ, ಹುರಿದ ಶೇಂಗಾ, ಒಣಕೊಬ್ಬರಿ ಚೂರು ಸೇರಿಸಿ. ಹಸಿ ತೆಂಗಿನಕಾಯಿ ಮಾತ್ರ ಬೇಡ, ಅದರ ನೀರಿನಂಶ ಮರುದಿನಕ್ಕೇ ಉಂಡಿಯನ್ನು ಮೆತ್ತಗೆ ಮಾಡುತ್ತದೆ.

ಜೋಳದ ಅಳ್ಳಿಗೆ ಇದೇ ಲೆಕ್ಕ, ಬೆಲ್ಲ ಮಾತ್ರ ಒಂದು ಮುಷ್ಟಿ ಹೆಚ್ಚು. ಅಳ್ಳಿನ ಮೈ ಒಡಕುಮುರುಕು, ಸಂದುಗೊಂದಿಗೆ ಪಾಕ ಹಿಡಿಯುತ್ತದೆ. ಒಮ್ಮೆಗೇ ಎರಡು ಪಟ್ಟು ಮಾಡಲು ಹೋಗಬೇಡಿ. ಕಟ್ಟುವ ಕೈ ನಾಲ್ಕಿದ್ದರೆ ಮಾತು ಬೇರೆ.

ಯಾವ ಬೆಲ್ಲ ತರಲಿ? ಅಂಗಡಿಯಲ್ಲಿ ಹಳದಿ ಇದೆ, ಕಪ್ಪು ಇದೆ, ಪುಡಿ ಬೆಲ್ಲಾನೂ ಇದೆ.

ನಮ್ಮ ಮನೆಗೆ ಬರುವುದು ಮಹಾಲಿಂಗಪುರದ ಕಡೆಯ ಪೆಂಟಿ ಬೆಲ್ಲ. ಮಂಡ್ಯದ ಅಚ್ಚು ಬೆಲ್ಲದಲ್ಲೂ ಚೆನ್ನಾಗಿ ಬರುತ್ತದೆ. ಬಣ್ಣಕ್ಕಿಂತ ಮುರಿತ ನೋಡಿ. ಗಟ್ಟಿಯಾಗಿದ್ದು, ಒಡೆದಾಗ ಒಳಗೆ ಹರಳು ಹರಳಾಗಿ ಹೊಳೆಯಬೇಕು. ಕೈಗೆ ಅಂಟುವ ಮೆತ್ತನೆ ಬೆಲ್ಲದಲ್ಲಿ ಪಾಕ ಬೇಗ ಕಂದುತ್ತದೆ, ಗಟ್ಟಿಯಾಗುವುದು ಮಾತ್ರ ತಡ. ಕಣ್ಣು ಕುಕ್ಕುವಷ್ಟು ಹಳದಿ ಇದ್ದರೆ ಆಲೆಮನೆಯಲ್ಲಿ ಸೋಡಿಯಂ ಹೈಡ್ರೋಸಲ್ಫೈಟ್ ಬಿದ್ದಿರುವ ಅನುಮಾನ ನನಗೆ. ಬೆಂಡೆ ಗಿಡದ ಲೋಳೆ ಹಾಕಿ ಕೊಳೆ ತೆಗೆದ ಬೆಲ್ಲ ಸ್ವಲ್ಪ ಕಂದೇ ಇರುತ್ತದೆ. ಜೋನಿ ಬೆಲ್ಲ ದೋಸೆಗೆ ಒಳ್ಳೆಯದು, ಉಂಡಿಗೆ ಅಲ್ಲ.

ಯಾವುದೇ ಇರಲಿ, ಮೊದಲು ನೀರಲ್ಲಿ ಕರಗಿಸಿ ಬಟ್ಟೆಯಲ್ಲಿ ಸೋಸಿ. ಕಬ್ಬಿನ ಸಿಪ್ಪೆ, ಮಣ್ಣು, ಒಮ್ಮೊಮ್ಮೆ ಇರುವೆ ಎಲ್ಲ ಸೋಸುವ ಬಟ್ಟೆಯಲ್ಲಿ ಉಳಿಯುತ್ತವೆ.

## ಅಳ್ಳು ಹುರಿಯುವುದು

ಮನೆಯಲ್ಲಿದ್ದ ರೊಟ್ಟಿ ಜೋಳಾನೇ ಹುರಿದೆ. ಅರ್ಧಕ್ಕರ್ಧ ಅರಳಲೇ ಇಲ್ಲ, ಸುಟ್ಟು ಕರಿ ಆಯ್ತು.

ತಪ್ಪು ನಿಮ್ಮದಲ್ಲ, ಜೋಳದ್ದು. ರೊಟ್ಟಿಗೆ ಬೇಕಾದ ಜೋಳದ ಗುಣ ಬೇರೆ, ಅಳ್ಳಿಗೆ ಬೇಕಾದದ್ದು ಬೇರೆ. ಕಾಳಿನ ಒಳಗಿರುವ ನೀರು ಕಾದು ಉಗಿಯಾಗುತ್ತದೆ. ಸಿಪ್ಪೆ ಗಟ್ಟಿ ಇದ್ದರೆ ಆ ಉಗಿ ಹೊರಗೆ ಹೋಗಲಾರದೆ ಒತ್ತಡ ಏರುತ್ತದೆ. ಪಾಪ್‌ಕಾರ್ನಿನಲ್ಲಿ ಕಾಳಿನ ಒಳಗಿನ ಶಾಖ ಸುಮಾರು 180 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಒತ್ತಡ ಹೊರಗಿನ ಗಾಳಿಯ ಒಂಬತ್ತು ಪಟ್ಟಿನಷ್ಟಾಗಿ ಸಿಪ್ಪೆ ಒಡೆಯುತ್ತದೆ, ಒಳಗೆ ಮೆತ್ತಗಾಗಿದ್ದ ಹಿಟ್ಟು ನೊರೆಯಂತೆ ಉಕ್ಕಿ ಕ್ಷಣದಲ್ಲಿ ಗಟ್ಟಿಯಾಗುತ್ತದೆ. ಜೋಳದಲ್ಲೂ ಇದೇ ಕತೆ, ಅಳ್ಳು ಮಾತ್ರ ಚಿಕ್ಕದು.

ಎಂ 35-1, ಅಂದರೆ ಮಾಲದಂಡಿ, ನಮ್ಮ ಹಿಂಗಾರಿ ಜೋಳಗಳಲ್ಲಿ ರೊಟ್ಟಿಗೆ ಹೆಸರುವಾಸಿ. ಅದು ಅಷ್ಟು ಚೆನ್ನಾಗಿ ಅರಳದು. ಅಳ್ಳಿಗೆಂದೇ ರೈತರು ಹೊಲದ ಒಂದು ಮೂಲೆಯಲ್ಲಿ ನಾಲ್ಕು ಸಾಲು ಬೇರೆ ಜೋಳ ಹಾಕುತ್ತಿದ್ದರು. ಅದರ ಹೆಸರೇ ಅಳ್ಳಿನ ಜೋಳ. ಕಾಳು ಸಣ್ಣದು, ಕಲ್ಲಿನ ಹಾಗೆ ಗಟ್ಟಿ, ಕಡಿದರೆ ಒಳಗೆ ಗಾಜಿನಂತೆ ಕಾಣುತ್ತದೆ. ಶ್ರಾವಣದ ಹೊತ್ತಿಗೆ ಹುಬ್ಬಳ್ಳಿ, ಧಾರವಾಡ, ಗದಗದ ಸಂತೆಗಳಲ್ಲಿ ಕೇಳಿ ನೋಡಿ. ಹುರಿದ ಅಳ್ಳೂ ಸೇರಿನ ಲೆಕ್ಕದಲ್ಲಿ ಸಿಗುತ್ತದೆ.

ಹಳೆಯ ಜೋಳ ಒಣಗಿ ಒಣಗಿ ಒಳಗಿನ ನೀರು ಕಳೆದುಕೊಂಡಿರುತ್ತದೆ. ಆಗ ಸಿಡಿಯಲು ಉಗಿಯೇ ಇಲ್ಲ. ಹುಳುಕು ತೂತು ಬಿದ್ದ ಕಾಳಿನದೂ ಅದೇ ಪಾಡು, ಉಗಿ ತೂತಿನಿಂದ ಜಾರಿಹೋಗುತ್ತದೆ.

ಗ್ಯಾಸ್ ಮ್ಯಾಲೆ ಅಳ್ಳು ಹುರಿಯೋದು ಹೆಂಗ? ನಮ್ಮವ್ವ ಕಟಗಿ ಒಲಿ ಮ್ಯಾಗ ಹುರೀತಿದ್ಲು, ನನಗ ಬರವಲ್ದು.

ಹಿಂದಿನ ರಾತ್ರಿ ಶುರು ಮಾಡಬೇಕು. ಒಂದು ಕಿಲೋ ಜೋಳಕ್ಕೆ 50 ಮಿಲಿಯಷ್ಟು ನೀರು, ಅಂದರೆ ಕಾಲು ಬಟ್ಟಲು, ಚಿಮುಕಿಸಿ ಕೈಯಲ್ಲಿ ತಿಕ್ಕಿ. ಹತ್ತಿ ಬಟ್ಟೆಯಲ್ಲಿ ಬಿಗಿಯಾಗಿ ಗಂಟು ಕಟ್ಟಿ ಬೆಳಗಿನವರೆಗೆ ಇಡಿ. ಬೆಳಗ್ಗೆ ನೆರಳಲ್ಲಿ ಒಂದು ತಾಸು ಹರವಿ. ಹೊರಗೆ ಒಣಗಿರಬೇಕು, ಒಳಗೆ ತೇವ ಉಳಿದಿರಬೇಕು.

ಆಮೇಲೆ ದಪ್ಪ ತಳದ ಕಬ್ಬಿಣದ ಬುಟ್ಟಿ, ನೀವು ಬಾಣಲೆ ಅಂತೀರಲ್ಲ ಅದು. ತೆಳು ಪಾತ್ರೆಯಾದರೆ ಕಾಳು ಬಿದ್ದ ಕೂಡಲೇ ತಣ್ಣಗಾಗಿಬಿಡುತ್ತದೆ. ದೊಡ್ಡ ಉರಿಯಲ್ಲಿ ಐದು ನಿಮಿಷ ಕಾಯಿಸಿ ಒಂದು ಹನಿ ನೀರು ಹಾಕಿ. ಹನಿ ಚುಯ್ ಅಂತ ಆರಿಹೋದರೆ ಇನ್ನೂ ಕಾಯಬೇಕು. ಗುಂಡಗೆ ಮಣಿಯಂತೆ ಬುಟ್ಟಿಯ ತುಂಬ ಓಡಾಡಿದರೆ ಸಿದ್ಧ. ಈಗ ಒಂದೇ ಹಿಡಿ ಜೋಳ. ಹಳೆ ಬಟ್ಟೆಯನ್ನು ಉಂಡೆ ಮಾಡಿ ಒಂದು ಕೋಲಿನ ತುದಿಗೆ ಕಟ್ಟಿಕೊಂಡಿರಬೇಕು. ಅದರಿಂದ ಕಾಳನ್ನು ತಳಕ್ಕೆ ಒತ್ತಿ ಒತ್ತಿ ತಿರುವಿ. ಸೌಟಿಗಿಂತ ಇದು ಮೇಲು, ಕಾಳು ಹೊರಗೆ ಹಾರುವುದಿಲ್ಲ, ಎಲ್ಲ ಕಡೆಗೂ ಶಾಖ ತಾಗುತ್ತದೆ. ಹತ್ತು ಎಣಿಸುವಷ್ಟರಲ್ಲಿ ಚಟಪಟ ಶುರುವಾಗುತ್ತದೆ, ಅರ್ಧ ನಿಮಿಷ ಭೋರ್ಗರೆಯುತ್ತದೆ, ಸದ್ದು ಇಳಿಯುತ್ತಿದ್ದ ಹಾಗೆ ಬುಟ್ಟಿ ಬಗ್ಗಿಸಿ ಮೊರಕ್ಕೆ ಸುರಿಯಿರಿ. ಕೊನೆಯ ಕಾಳು ಅರಳಲಿ ಅಂತ ಕಾಯುತ್ತಾ ನಿಂತರೆ ಅರಳಿದ್ದೆಲ್ಲ ಸೀಯುತ್ತದೆ.

ಮುಂದಿನ ಹಿಡಿ ಹಾಕುವ ಮೊದಲು ಬುಟ್ಟಿ ಮತ್ತೆ ಕಾಯಲಿ. ಬೇಸರದ ಕೆಲಸ, ನಿಜ. ಕಿಲೋ ಜೋಳಕ್ಕೆ ಒಂದೂವರೆ ತಾಸು ಹಿಡಿಯುತ್ತದೆ.

ಚುರುಮುರಿ ಪ್ಯಾಕೆಟ್ ಈಗಷ್ಟೇ ಒಡೆದೆ, ಗರಿಗರಿಯಾಗೇ ಇದೆ. ಮತ್ತೆ ಯಾಕೆ ಹುರೀಬೇಕು?

ಹುರಿಯಲೇಬೇಕು. ಈ ಪುಟದಲ್ಲಿ ಒಂದೇ ಉತ್ತರ ಓದುವವರು ಇದ್ದರೆ ಇದನ್ನೇ ಓದಿ.

ಬೆಂಗಳೂರಿಗೆ ಬಂದ ಮೊದಲ ಶ್ರಾವಣ. ಹೊರಗೆ ಜಿಟಿಜಿಟಿ ಮಳೆ. ನಾಲ್ಕು ಗಂಟೆಗೆ ಚುರುಮುರಿ ತಂದೆ, ತಿಂದು ನೋಡಿದೆ, ಗರಿಗರಿ ಇತ್ತು. ಪರಾತದಲ್ಲಿ ಸುರಿದು ಬೆಲ್ಲ ಒಡೆಯಲು ಕೂತೆ, ನಡುವೆ ಊರಿಂದ ಫೋನು ಬಂತು. ಪಾಕ ಇಳಿಸುವಷ್ಟರಲ್ಲಿ ಐದೂಮುಕ್ಕಾಲು. ಉಂಡಿ ದುಂಡಗೇನೋ ಬಂದವು. ರಾತ್ರಿ ಊಟವಾದ ಮೇಲೆ ಒಂದು ಬಾಯಿಗಿಟ್ಟರೆ ಹಲ್ಲಿನ ನಡುವೆ ರಬ್ಬರಿನ ಹಾಗೆ ಹಿಗ್ಗುತ್ತಿತ್ತು. ಪಾಕ ಎಳೆಯದಾಯಿತು ಅಂದುಕೊಂಡು ಮರುದಿನ ಇನ್ನೂ ಕಾಯಿಸಿದೆ. ಹೊರಗೆ ಕಲ್ಲು, ಒಳಗೆ ಅದೇ ರಬ್ಬರು. ಮೂರನೇ ಸಲಕ್ಕೆ ಆಯಿಗೆ ಫೋನ್ ಮಾಡಿದೆ. ಅವಳು ಪಾಕದ ಬಗ್ಗೆ ಕೇಳಲೇ ಇಲ್ಲ. "ಚುರುಮುರಿ ಬೆಚ್ಚಗ ಇತ್ತೇನ?" ಅಂದಳು.

ಮಳೆಗಾಲದ ಗಾಳಿಯಲ್ಲಿ ಎರಡು ತಾಸು ತೆರೆದಿಟ್ಟರೆ ಚುರುಮುರಿ ತೇವ ಕುಡಿಯುತ್ತದೆ. ನಾಲಿಗೆಗೆ ಅದು ಗೊತ್ತಾಗುವುದಿಲ್ಲ, ಬಿಸಿ ಪಾಕ ಬಿದ್ದಾಗ ಗೊತ್ತಾಗುತ್ತದೆ. ಆದ್ದರಿಂದ ಸಣ್ಣ ಉರಿಯಲ್ಲಿ ಒಣ ಬುಟ್ಟಿಯಲ್ಲಿ ಐದಾರು ನಿಮಿಷ ಕೈಯಾಡಿಸಿ. ಬಣ್ಣ ಬದಲಾಗಬಾರದು. ಆಯಿಯ ಪರೀಕ್ಷೆ ಇದು: ಒಂದು ಕಾಳು ಕಿವಿಯ ಹತ್ತಿರ ಹಿಡಿದು ಎರಡು ಬೆರಳಲ್ಲಿ ಒತ್ತುವುದು. ಚಟ್ ಅಂತ ಮುರಿದರೆ ಸರಿ, ಸದ್ದಿಲ್ಲದೆ ಅಪ್ಪಚ್ಚಿಯಾದರೆ ಮತ್ತೆ ಬುಟ್ಟಿಗೆ. ಪಾಕ ಸುರಿಯುವಾಗ ಚುರುಮುರಿ ಕೈಗೆ ಬೆಚ್ಚಗಿರಲಿ. ಬೆಚ್ಚಗಿದ್ದರೆ ಪಾಕವೂ ತಟ್ಟನೆ ಹೆಪ್ಪುಗಟ್ಟದೆ ಎಲ್ಲ ಕಾಳಿಗೂ ತೆಳ್ಳಗೆ ಹರಿಯುತ್ತದೆ. ಜೋಳದ ಅಳ್ಳು ಹಿಂದಿನ ದಿನದ್ದಾದರೆ ಅದಕ್ಕೂ ಇದೇ ಮದ್ದು.

## ಪಾಕ

ಪಾಕ ಬಂತು ಅಂತ ಹೇಗೆ ಗೊತ್ತಾಗುತ್ತೆ? ಎಳೆಪಾಕ ನೋಡಿದೆ, ಆದರೂ ಉಂಡೆ ನಿಲ್ಲಲಿಲ್ಲ.

ಎಳೆಪಾಕ ಬೇರೆ ಉಂಡೆಗಳಿಗೆ. ಈ ಉಂಡಿಯಲ್ಲಿ ಕಾಳನ್ನು ಕಾಳಿಗೆ ಹಿಡಿದಿಡುವುದು ಪಾಕ ಒಂದೇ, ಹಾಗಾಗಿ ಅದು ತಣಿದಾಗ ಗಟ್ಟಿಯಾಗಲೇಬೇಕು. ನಮ್ಮ ಕಡೆ ಪಾಕಕ್ಕೆ ಆಣ ಅಂತಾರೆ. ಆಣ ನೋಡುವುದು ನೀರಿನ ಬಟ್ಟಲಲ್ಲಿ.

ಒಲೆ ಪಕ್ಕ ತಣ್ಣೀರಿನ ಬಟ್ಟಲು ಇಟ್ಟುಕೊಳ್ಳಿ. ಕುದಿ ಮೊದಲು ದೊಡ್ಡ ದೊಡ್ಡ ಗುಳ್ಳೆಯಾಗಿ ನೀರು ನೀರಾಗಿರುತ್ತದೆ. ಆಮೇಲೆ ಗುಳ್ಳೆ ಸಣ್ಣದಾಗಿ, ಒತ್ತೊತ್ತಾಗಿ, ಮೇಲೆ ಹೊಳಪು ಬರುತ್ತದೆ. ಆಗ ಒಂದು ಹನಿ ನೀರಿಗೆ ಬಿಡಿ. ನೀರಲ್ಲಿ ಹರಡಿ ಮಾಯವಾದರೆ ಇನ್ನೂ ಬಹಳ ದೂರ. ತಳದಲ್ಲಿ ಕೂತು, ಬೆರಳಲ್ಲಿ ಹೊರಳಿಸಿದರೆ ಮೆತ್ತನೆ ಉಂಡೆಯಾಗಿ ಚಪ್ಪಟೆಯಾದರೆ ಒಂದೆರಡು ನಿಮಿಷ ಬಾಕಿ. ಉಂಡೆಯಾಗಿ ನಿಂತು, ತಟ್ಟೆಗೆ ಎಸೆದರೆ ಟಣ್ ಅಂದರೆ ಉರಿ ಆರಿಸಿ. ಹನಿ ಬಿಡುವಾಗೆಲ್ಲ ಉರಿ ಸಣ್ಣದು ಮಾಡಿ. ಇಲ್ಲದಿದ್ದರೆ ನೀವು ನೀರಲ್ಲಿ ಬೆರಳಾಡಿಸುತ್ತಿರುವಾಗಲೇ ಒಲೆ ಮೇಲಿನದು ಮುಂದಿನ ಹದಕ್ಕೆ ಓಡಿರುತ್ತದೆ.

ತುಪ್ಪ, ಯಾಲಕ್ಕಿ ಉರಿ ಆರಿಸಿದ ಮೇಲೆ.

ಉಂಡೆ ಕಲ್ಲಾಗಿದೆ. ಮಾವನವರು ಒಂದು ಕಚ್ಚಿ ಹಲ್ಲು ಹಿಡ್ಕೊಂಡು ಕೂತಿದ್ದಾರೆ, ಏನ್ಮಾಡ್ಲಿ?

ಮಾವನವರಿಗೆ ಮೊದಲು ಒಂದು ಲೋಟ ಹಾಲು ಕೊಡಿ, ಉಂಡಿಯನ್ನು ಅದರಲ್ಲಿ ಅದ್ದಿ ತಿನ್ನಲಿ. ಕಲ್ಲಾದ ಉಂಡಿಯನ್ನು ಬಿಡಿಸಿ ಮತ್ತೆ ಮೆತ್ತಗೆ ಮಾಡುವ ಉಪಾಯ ಇಲ್ಲ. ಟಣ್ ಅಂದ ಮೇಲೂ ನಿಮಿಷ ಎರಡು ನಿಮಿಷ ಬಿಟ್ಟಿದ್ದೀರಿ, ಇಲ್ಲವೇ ಬೆಲ್ಲ ಹೆಚ್ಚಾಗಿದೆ. ಮುಂದಿನ ಸಲ ಉರಿ ಆರಿಸಿದ ಕೂಡಲೇ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ ಕಲಕಿ. ಪಾಕ ಉಕ್ಕಿ ನೊರೆಯಾಗುತ್ತದೆ, ಒಳಗೆ ಸಣ್ಣ ಗಾಳಿಗುಳ್ಳೆ ಉಳಿಯುತ್ತವೆ, ಕಚ್ಚಿದರೆ ಹಗುರಾಗಿ ಮುರಿಯುತ್ತದೆ. ಪಾತ್ರೆ ದೊಡ್ಡದಿರಲಿ. ಚಿಟಿಕೆ ಅಂದರೆ ಚಿಟಿಕೆಯೇ, ಕಾಲು ಚಮಚ ಹಾಕಿದರೆ ಸಾಬೂನಿನ ರುಚಿ.

## ಕಟ್ಟುವುದು, ಇಡುವುದು

ಕೈ ಸುಡುತ್ತೆ ಕಣ್ರೀ! ತಣ್ಣಗಾಗಲಿ ಅಂತ ಬಿಟ್ರೆ ಉಂಡೆ ಕಟ್ಟೋಕೇ ಆಗಲ್ಲ.

ಸುಡುತ್ತದೆ. ಕುದಿಯುವ ನೀರಿಗಿಂತ ಬಿಸಿ ಇರುವ ಪಾಕ, ಮೇಲಾಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಮಕ್ಕಳನ್ನು ಈ ಹತ್ತು ನಿಮಿಷ ಅಡುಗೆಮನೆಯಿಂದ ಆಚೆ ಕಳಿಸಿ. ಪಾಕ ಸುರಿದ ಮೇಲೆ ಮೊದಲು ಸೌಟಿನಿಂದ ಮೇಲೆ ಕೆಳಗೆ ಮಾಡಿ ಒಂದು ನಿಮಿಷ ಬಿಡಿ, ಬಿಸಿ ತಾಳಬಹುದಾದಷ್ಟು ಇಳಿಯಲಿ.

ಕೈಗೆ ನೀರು ಸವರುವವರೂ ಇದ್ದಾರೆ, ತುಪ್ಪ ಸವರುವವರೂ ಇದ್ದಾರೆ. ನೀರು ಕೈಯನ್ನು ಹೆಚ್ಚು ಕಾಯುತ್ತದೆ ನಿಜ, ಆದರೆ ಒದ್ದೆಯಾದಷ್ಟೂ ಉಂಡಿಯ ಮೇಲ್ಮೈ ಜಿಗುಟಾಗುತ್ತದೆ. ನನ್ನದು ಅಕ್ಕಿಹಿಟ್ಟು. ಅಂಗೈಗೆ ತೆಳ್ಳಗೆ ಹಿಟ್ಟು ಸವರಿಕೊಂಡು, ಹಿಡಿಯಷ್ಟು ತೆಗೆದು, ಮೊದಲು ಸಡಿಲವಾಗಿ ಕೂಡಿಸಿ, ಕೈಯಿಂದ ಕೈಗೆ ಎರಡು ಸಲ ಹಾರಿಸಿ, ಆಮೇಲೆ ಮೆಲ್ಲಗೆ ಒತ್ತುವುದು. ಎರಡು ಸ್ಟೀಲ್ ಬಟ್ಟಲಿಗೆ ತುಪ್ಪ ಸವರಿ, ನಡುವೆ ತುಂಬಿ ಒತ್ತಿದರೂ ದುಂಡಗೆ ಬರುತ್ತದೆ. ನನ್ನ ಮಗಳು ಹಾಗೇ ಮಾಡುತ್ತಾಳೆ, ನನಗೆ ಅದು ಇಡ್ಲಿ ಹುಯ್ದ ಹಾಗೆ ಅನಿಸುತ್ತದೆ.

ಬಲವಾಗಿ ಹಿಸುಕಬೇಡಿ. ಹಿಸುಕಿದರೆ ಕಾಳು ಪುಡಿಯಾಗುತ್ತದೆ, ಗಾಳಿ ಹೋಗುತ್ತದೆ, ಪಾಕ ಸರಿಯಿದ್ದರೂ ಉಂಡಿ ಗಡುಸಾಗುತ್ತದೆ.

ಆರು ಉಂಡೆ ಕಟ್ಟೋಷ್ಟರಲ್ಲಿ ಉಳಿದದ್ದು ಪರಾತಕ್ಕೇ ಅಂಟಿ ಹಲಗೆ ಆಯ್ತು. ಎಸೀಬೇಕಾ?

ಎಸೆಯಬೇಡಿ. ಪರಾತವನ್ನೇ ಸಣ್ಣ ಉರಿಯ ಮೇಲೆ ಅರ್ಧ ನಿಮಿಷ ಆಡಿಸಿ, ಪಾಕ ಬೆವರಿದಂತೆ ಹೊಳೆಯುತ್ತಲೇ ಇಳಿಸಿ ಕಟ್ಟಿ. ಒಂದು ಸಲ, ಹೆಚ್ಚೆಂದರೆ ಎರಡು ಸಲ. ಮೂರನೇ ಸಲಕ್ಕೆ ಬೆಲ್ಲ ಕಹಿಯಾಗುತ್ತದೆ. ಅಷ್ಟು ತಾಳ್ಮೆ ಇಲ್ಲದಿದ್ದರೆ ಬೆಚ್ಚಗಿರುವಾಗಲೇ ತುಪ್ಪ ಸವರಿದ ತಟ್ಟೆಗೆ ತಟ್ಟಿ ಚೌಕ ಕತ್ತರಿಸಿ, ಚಿಕ್ಕಿ ಅಂತ ಹೇಳಿ ಕೊಡಿ. ಯಾರೂ ಕೇಳುವುದಿಲ್ಲ.

ಎಷ್ಟು ದಿನ ಇರ್ತಾವ? ಫ್ರಿಜ್ಜಿನ್ಯಾಗ ಇಡಬೇಕೇನು?

ಫ್ರಿಜ್ಜು ಬೇಡವೇ ಬೇಡ. ಅಲ್ಲಿಂದ ಹೊರಗೆ ತೆಗೆದಾಗ ತಣ್ಣನೆ ಉಂಡಿಯ ಮೇಲೆ ಗಾಳಿಯ ನೀರು ಕೂತು ಬೆಲ್ಲ ಕರಗುತ್ತದೆ. ಬೆಲ್ಲಕ್ಕೆ ಮೊದಲೇ ತೇವ ಎಳೆದುಕೊಳ್ಳುವ ಚಾಳಿ, ಶ್ರಾವಣ ಮೊದಲೇ ಮಳೆಗಾಲ. ಪೂರ್ತಿ ತಣಿದ ಮೇಲೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೇ ಬೆವರುತ್ತದೆ. ಹೀಗಿಟ್ಟರೆ ಹತ್ತು ಹದಿನೈದು ದಿನ ಗರಿಯಾಗಿರುತ್ತವೆ. ದೊಡ್ಡ ಡಬ್ಬಿಗಿಂತ ಮೂರು ಸಣ್ಣ ಡಬ್ಬಿ ವಾಸಿ. ದಿನಕ್ಕೆ ಹತ್ತು ಸಲ ತೆರೆಯುವುದು ಒಂದನ್ನು ಮಾತ್ರ ಆಗಲಿ. ಶೇಂಗಾ, ಕೊಬ್ಬರಿ ಹಾಕಿದ್ದರೆ ಅವುಗಳ ಎಣ್ಣೆ ಕಮಟು ಬರುವ ಮೊದಲೇ ಮುಗಿಸಿ.

ಮೊಮ್ಮಗನಿಗೆ ಎರಡೂವರೆ ವರ್ಷ, ಕೊಡಬಹುದಾ? ನಮ್ಮ ಯಜಮಾನರಿಗೆ ಶುಗರ್ ಇದೆ, ಬೆಲ್ಲದ್ದಲ್ವಾ, ಪರವಾಗಿಲ್ವಾ?

ಮೊಮ್ಮಗನಿಗೆ ಇಡೀ ಉಂಡಿ ಬೇಡ. ಪಾಪ್‌ಕಾರ್ನ್, ಅರಳದ ಕಾಳು, ಇಡೀ ಶೇಂಗಾ ಇವು ಸಣ್ಣ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳುವ ವಸ್ತುಗಳು. ನಾಲ್ಕು ವರ್ಷವಾಗುವವರೆಗೆ ಕೊಡಬೇಡಿ ಅಂತಲೇ ಮಕ್ಕಳ ವೈದ್ಯರು ಹೇಳುವುದು. ಅವನಿಗೆ ಅಳ್ಳಿಟ್ಟು, ಅಂದರೆ ಅಳ್ಳು ಬೀಸಿದ ಹಿಟ್ಟು, ಹಾಲಲ್ಲಿ ಕಲಸಿ ಕೊಡಿ.

ಯಜಮಾನರ ವಿಷಯ: ಬೆಲ್ಲದಲ್ಲೂ ಬಹುಪಾಲು ಇರುವುದು ಸಕ್ಕರೆಯೇ. ಜೊತೆಗೆ ಚುರುಮುರಿಯ ಪಿಷ್ಟವೂ ಬೇಗ ರಕ್ತಕ್ಕೆ ಇಳಿಯುವಂಥದ್ದು. ಬೆಲ್ಲದ್ದಾದ್ದರಿಂದ ಪರವಾಗಿಲ್ಲ ಅನ್ನುವ ಮಾತಿಗೆ ಬುಡವಿಲ್ಲ.

## ಕೈ ಪಳಗಿದ ಮೇಲೆ

ಬೆಲ್ಲದ ಬದಲು ಸಕ್ಕರೆಯಲ್ಲಿ ಕಟ್ಟಿದೆ. ಮರುದಿನ ಬಿಳಿ ಬಿಳಿ ಪುಡಿ ಆಗಿ ಉದುರ್ತಾ ಇದೆ.

ಸಕ್ಕರೆ ಮತ್ತೆ ಹರಳಾಗಿದೆ. ಬೆಲ್ಲದಲ್ಲಿ ಕಬ್ಬಿನ ಸಕ್ಕರೆಯ ಜೊತೆ ಗ್ಲೂಕೋಸ್, ಫ್ರಕ್ಟೋಸ್ ಒಂದಿಷ್ಟು ಬೆರೆತೇ ಇರುತ್ತವೆ. ಅವು ನಡುವೆ ಅಡ್ಡ ನಿಂತು ಹರಳು ಕೂಡದಂತೆ ನೋಡಿಕೊಳ್ಳುತ್ತವೆ. ಅಂಗಡಿ ಸಕ್ಕರೆಯಲ್ಲಿ ಅಡ್ಡ ನಿಲ್ಲುವವರು ಯಾರೂ ಇಲ್ಲ. ಸಕ್ಕರೆ ಕರಗುವಾಗಲೇ ಒಂದು ಬಟ್ಟಲಿಗೆ ಅರ್ಧ ಚಮಚ ನಿಂಬೆರಸ ಹಾಕಿದರೆ ಹುಳಿಗೆ ಸಕ್ಕರೆ ಸ್ವಲ್ಪ ಒಡೆದು ಅದೇ ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ. ಕುದಿ ಬಂದ ಮೇಲೆ ಸೌಟು ಆಡಿಸಬೇಡಿ. ಪಾತ್ರೆಯ ಅಂಚಿಗೆ ಹತ್ತಿದ ಸಕ್ಕರೆ ಕಾಳು ಒಂದು ಒಳಗೆ ಬಿದ್ದರೂ ಸಾಕು, ಇಡೀ ಪಾಕ ಅದರ ಹಿಂದೆ ಹೋಗುತ್ತದೆ.

ಕ್ಯಾಂಡಿ ಥರ್ಮಾಮೀಟರ್ ತಗೊಂಡಿದ್ದೀನಿ. ಎಷ್ಟು ಡಿಗ್ರಿಗೆ ಇಳಿಸಬೇಕು? ಪುಸ್ತಕದಲ್ಲಿ ಹೇಳಿದ ಹಾಗೆ ಮಾಡಿದ್ರೂ ಬೆಂಗಳೂರಲ್ಲಿ ಗಟ್ಟಿ ಬರ್ತಿದೆ.

ಪುಸ್ತಕದ ಲೆಕ್ಕ ಸಮುದ್ರಮಟ್ಟದ್ದು. ಅಲ್ಲಿ ಗಟ್ಟಿ ಉಂಡೆಯ ಹದ 121ರಿಂದ 130 ಡಿಗ್ರಿ ಸೆಲ್ಸಿಯಸ್. ಈ ಉಂಡಿಗೆ ನಾನು 123ರ ಆಸುಪಾಸಿನಲ್ಲಿ ಇಳಿಸಿ ಅನ್ನುತ್ತೇನೆ. ಆದರೆ ಎತ್ತರ ಏರಿದ ಹಾಗೆ ನೀರು ಕಡಿಮೆ ಶಾಖಕ್ಕೇ ಕುದಿಯುತ್ತದೆ, ಸುಮಾರು 300 ಮೀಟರಿಗೆ ಒಂದು ಡಿಗ್ರಿ. ಬೆಂಗಳೂರು 900 ಮೀಟರಿಗಿಂತ ಮೇಲಿದೆ, ನೀರು ಕುದಿಯುವುದು 97ರ ಹತ್ತಿರ. ಅಂದರೆ ಪಾಕದ ಪ್ರತಿ ಹದವೂ ಮೂರು ಡಿಗ್ರಿ ಮೊದಲೇ ಬಂದುಬಿಡುತ್ತದೆ. ನೀವು 123ಕ್ಕೆ ಕಾಯುತ್ತಾ ನಿಂತರೆ ಮಂಗಳೂರಿನಲ್ಲಿ 126ರವರೆಗೆ ಕಾಯಿಸಿದ ಹಾಗೆ.

ಸುಲಭ ದಾರಿ: ಮೊದಲು ಥರ್ಮಾಮೀಟರನ್ನು ಕುದಿಯುವ ನೀರಲ್ಲಿ ಹಿಡಿಯಿರಿ. ನೂರಕ್ಕೆ ಎಷ್ಟು ಕಡಿಮೆ ತೋರಿಸುತ್ತದೋ ಅಷ್ಟನ್ನು ಪುಸ್ತಕದ ಲೆಕ್ಕದಿಂದ ಕಳೆಯಿರಿ. ಥರ್ಮಾಮೀಟರಿನ ಸ್ವಂತ ತಪ್ಪೂ ಅದರಲ್ಲೇ ಕಳೆದುಹೋಗುತ್ತದೆ. ನೀರಿನ ಬಟ್ಟಲಿಗೆ ಈ ಯಾವ ತಾಪತ್ರಯವೂ ಇಲ್ಲ ಅನ್ನುವುದನ್ನು ಹೇಳದೆ ಇರಲಾರೆ.

ನಾವು ಅಮೆರಿಕದಲ್ಲಿದ್ದೀವಿ ಆಂಟಿ. ಇಲ್ಲಿ ಜೋಳದ ಅಳ್ಳು ಸಿಗಲ್ಲ. ಪಾಪ್‌ಕಾರ್ನಲ್ಲೇ ಪಂಚಮಿ ಉಂಡೆ ಮಾಡಿದ್ರೆ ನಡೆಯುತ್ತಾ?

ನಡೆಯುತ್ತದೆ. ನೀವಿರುವ ದೇಶದ ಅಜ್ಜಿಯಂದಿರೂ ಅದನ್ನೇ ಮಾಡುತ್ತಿದ್ದರು. ಅಲ್ಲಿ ಪಾಪ್‌ಕಾರ್ನ್ ಉಂಡೆ ಹತ್ತೊಂಬತ್ತನೇ ಶತಮಾನದಿಂದಲೂ ಮನೆಮನೆಯ ತಿಂಡಿ, ಕ್ರಿಸ್‌ಮಸ್‌ಗೆ ಕಟ್ಟುವುದು, ಹ್ಯಾಲೋವೀನ್ ರಾತ್ರಿ ಬಾಗಿಲಿಗೆ ಬಂದ ಮಕ್ಕಳಿಗೆ ಕೊಡುವುದು. ಮುಂದೆ 1970ರ ದಶಕದ ಹೊತ್ತಿಗೆ ಗುರುತಿಲ್ಲದವರ ಮನೆಯ ಕೈತಿಂಡಿ ಬೇಡ ಅಂತ ಅಪ್ಪ ಅಮ್ಮಂದಿರಿಗೆ ಅಂಜಿಕೆ ಬಂದು ಪ್ಯಾಕೆಟ್ ಮಿಠಾಯಿ ಅದರ ಜಾಗಕ್ಕೆ ಬಂತು.

ಮೊದಮೊದಲು ಅವರು ಬಳಸುತ್ತಿದ್ದದ್ದು ಕಾಕಂಬಿ. ಕೆಂಟಕಿ, ಟೆನೆಸಿ ಕಡೆಯವರು ಜೋಳದ ಸಿಹಿ ದಂಟಿನ ರಸ ಕುದಿಸಿದ ಪಾಕವನ್ನೂ ಹಾಕುತ್ತಾರೆ. ಹೌದು, ನಾವು ರೊಟ್ಟಿ ಬಡಿಯುವ ಜೋಳದ ಜಾತಿಯೇ! ನಮಗೆ ಅದರ ಕಾಳು ಅಳ್ಳಾದರೆ, ಅವರಿಗೆ ಅದರ ದಂಟು ಬೆಲ್ಲ. ಅಲ್ಲಿ ಸಾರ್ಗಮ್ ಸಿರಪ್ ಅಂತ ಕೇಳಿ ನೋಡಿ, ಬೆಲ್ಲದ ವಾಸನೆಗೆ ಹತ್ತಿರ. ಈಗ ಹೆಚ್ಚಿನವರು ಸಕ್ಕರೆಗೆ ಕಾರ್ನ್ ಸಿರಪ್ ಬೆರೆಸುತ್ತಾರೆ. ನಾನು ಹೇಳಿದ ನಿಂಬೆರಸದ ಕೆಲಸವನ್ನು ಅದೇ ಮಾಡುತ್ತದೆ.

ಎರಡು ದೊಡ್ಡ ಚಮಚ ಕಾಳಿಗೆ ಸುಮಾರು ಒಂದು ಲೀಟರ್ ಪಾಪ್‌ಕಾರ್ನ್ ಆಗುತ್ತದೆ. ಅದಕ್ಕೆ 200 ಮಿಲಿ ಬಟ್ಟಲಲ್ಲಿ ಮುಕ್ಕಾಲು ಬೆಲ್ಲ ಸಾಕು. ಮೈಕ್ರೋವೇವ್ ಪೊಟ್ಟಣದ ಬೆಣ್ಣೆ ಉಪ್ಪಿನದು ಬೇಡ, ಕೊಬ್ಬು ಸವರಿದ ಮೈಗೆ ಪಾಕ ಹತ್ತುವುದಿಲ್ಲ. ಅರಳದ ಕಾಳನ್ನು ಒಂದೊಂದಾಗಿ ಆರಿಸಿ ತೆಗೆಯಿರಿ. ಪಾಪ್‌ಕಾರ್ನ್ ದೊಡ್ಡದಾದ್ದರಿಂದ ಉಂಡಿಯೂ ಕಿತ್ತಳೆಯಷ್ಟು ದೊಡ್ಡದೇ ಇರಲಿ. ಸಣ್ಣದು ಕಟ್ಟಲು ಹೋದರೆ ಮುಳ್ಳುಮುಳ್ಳಾಗಿ ನಿಲ್ಲುವುದಿಲ್ಲ.

ನಮ್ಮಲ್ಲಿ ಅಷ್ಟಮಿಗೆ ಹೊದಳಿನ ಉಂಡೆ ಮಾಡ್ತಾರೆ. ಅದಕ್ಕೂ ಇದೇ ಕ್ರಮವಾ? ರಾಜಗಿರಿಗೆ?

ಕರಾವಳಿಯ ಹೊದಳು ಅಂದರೆ ಭತ್ತದ ಅರಳು. ಕೃಷ್ಣಾಷ್ಟಮಿಗೆ ಉಡುಪಿಯ ಕಡೆ ಉಂಡೆ ಕಟ್ಟುವುದು ಅದರಲ್ಲೇ. ಮದುವೆಯ ಲಾಜಾಹೋಮದಲ್ಲಿ ಹುಡುಗಿಯ ಬೊಗಸೆಗೆ ಅವಳ ಅಣ್ಣ ತಮ್ಮಂದಿರು ಸುರಿಯುವುದೂ ಅದನ್ನೇ. ಕ್ರಮ ಇದೇ, ಎರಡು ಎಚ್ಚರಿಕೆ. ಹೊಟ್ಟಿನ ಚೂರು ಒಂದೂ ಉಳಿಯದಂತೆ ಕೇರಿ ಆರಿಸಬೇಕು, ಗಂಟಲಿಗೆ ಚುಚ್ಚುತ್ತದೆ. ಹೊದಳು ಬಹಳ ನಾಜೂಕು, ಸೌಟು ಜೋರಾಗಿ ಆಡಿಸಿದರೆ ಪುಡಿ.

ರಾಜಗಿರಿ ಕಾಳು ಸಾಸಿವೆಗಿಂತ ಸಣ್ಣದು, ಕಾದ ಬುಟ್ಟಿಯಲ್ಲಿ ಒಂದೊಂದೇ ಚಮಚ ಹಾಕಿ, ಕೆಲವೇ ಸೆಕೆಂಡಿನಲ್ಲಿ ಅರಳಿ ಮುಗಿಯುತ್ತದೆ. ಅದಕ್ಕೆ ಪಾಕ ಟಣ್ ಅನ್ನುವವರೆಗೆ ಬೇಡ, ಮೆತ್ತನೆ ಉಂಡೆಯ ಹದ ದಾಟಿದರೆ ಸಾಕು.

ಜರಡಿಯಲ್ಲಿ ಉಳಿದ ಪುಡಿ ಅಳ್ಳು, ಅರ್ಧ ಅರಳಿದ ಕಾಳು ರಾಶಿ ಆಗಿದೆ. ಏನು ಮಾಡೋದು?

ಅದೇ ನಿಜವಾದ ಹಬ್ಬದ ಪಾಲು. ಅರ್ಧ ಅರಳಿದ್ದು, ಪುಡಿಯಾದದ್ದು ಎಲ್ಲ ಸೇರಿಸಿ ನುಣ್ಣಗೆ ಬೀಸಿದರೆ ಅಳ್ಳಿಟ್ಟು. ಮಿಕ್ಸಿಯಾದರೆ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ ಸಾಣಿಸಿಕೊಳ್ಳಿ. ಸ್ವಲ್ಪವೂ ಅರಳದೆ ಕಂದಿದ ಕಾಳು ಮಾತ್ರ ಮೊದಲೇ ಬೇರೆ ಮಾಡಿ, ಅದು ಸೇರಿದರೆ ಹಿಟ್ಟಿನಲ್ಲಿ ಮರಳು ಸಿಕ್ಕ ಹಾಗಾಗುತ್ತದೆ. ಎರಡು ಬಟ್ಟಲು ಹಿಟ್ಟಿಗೆ ಒಂದು ಬಟ್ಟಲು ಬೆಲ್ಲದ ಪುಡಿ, ಯಾಲಕ್ಕಿ, ಜಾಜಿಕಾಯಿ ಚೂರು. ಹಾಗೇ ಡಬ್ಬಿಯಲ್ಲಿಡಿ. ತಿನ್ನುವ ಹೊತ್ತಿಗೆ ಬೇಕಾದಷ್ಟು ತೆಗೆದು ಬಿಸಿ ಹಾಲು, ಒಂದು ಚಮಚ ತುಪ್ಪ ಹಾಕಿ ಕಲಸಿ. ಕಲಸಿದ್ದನ್ನು ಐದು ನಿಮಿಷ ಮುಚ್ಚಿಡಿ, ಹಿಟ್ಟು ಹಾಲು ಕುಡಿದು ಉಬ್ಬುತ್ತದೆ. ಆಮೇಲೂ ಗಟ್ಟಿ ಅನಿಸಿದರೆ ಮಾತ್ರ ಇನ್ನಷ್ಟು ಹಾಲು.